35 ಡಾಲರಿನ ಎರಕದ ಅಚ್ಚು: ಡೇಟನ್ ಕಡೆಯ ಒಂದು ಪ್ರಕರಣ

ಅಮೆರಿಕದ ಒಹಾಯೋ ರಾಜ್ಯದ ಡೇಟನ್ ಸುತ್ತಮುತ್ತ ಟೂಲ್ ಅಂಡ್ ಡೈ ಕೆಲಸದ ವರ್ಕ್‌ಶಾಪ್‌ಗಳು ಬಹಳ. ಅಂಥದ್ದೊಂದರಲ್ಲಿ ನನ್ನ ಜೊತೆಗಿದ್ದು ನಿವೃತ್ತರಾದ ಹಿರಿಯ ಡೈ ಮೇಕರ್ ಒಬ್ಬರು ರಿವಾಲ್ವರ್ ಗುರಿ ಪಂದ್ಯಗಳಲ್ಲಿ ಭಾಗವಹಿಸುತ್ತಾರೆ. ಗುಂಡುಗಳನ್ನು ಸೀಸ ಕರಗಿಸಿ ತಾವೇ ಎರಕ ಹೊಯ್ಯುತ್ತಾರೆ. ಅವರು ಅಗ್ಗದ ಅಲ್ಯುಮಿನಿಯಂ ಅಚ್ಚೊಂದನ್ನು ಕೊಂಡಾಗ ಅದನ್ನು ಬಿಚ್ಚಿ, ಅಳೆದು, ತಿದ್ದಿ, ಕೊನೆಗೆ ಗುರಿಪಟದ ಮೇಲೆ ಪರೀಕ್ಷಿಸುವವರೆಗೂ ನಾನು ಜೊತೆಗಿದ್ದೆ. ಬೆಂಗಳೂರಿನ ಟೂಲ್‌ರೂಮಿನಲ್ಲಿ ಕೆಲಸ ಕಲಿತ ನನಗೆ ಬಂದೂಕಿಗಿಂತ ಅಚ್ಚಿನ ಮೇಲೇ ಆಸಕ್ತಿ. ಕಡಿಮೆ ಬೆಲೆಯ ಉಪಕರಣದಲ್ಲಿ ತಯಾರಕ ಎಲ್ಲಿ ಕೈ ಬಿಗಿ ಹಿಡಿದಿದ್ದಾನೆ, ಅದನ್ನು ಕೊಂಡವನು ಎಷ್ಟರಮಟ್ಟಿಗೆ ತುಂಬಿಕೊಳ್ಳಬಲ್ಲ ಎಂಬುದು ಈ ಒಂದು ಅಚ್ಚಿನಲ್ಲಿ ಸ್ಪಷ್ಟವಾಗಿ ಕಂಡಿತು.

ಮೊದಲು ಒಂದು ಮಾತು. ಅಮೆರಿಕದಲ್ಲಿ ಸ್ವಂತ ಬಳಕೆಗೆ ಗುಂಡು ಎರಕ ಹೊಯ್ಯಲು ಒಕ್ಕೂಟ ಸರ್ಕಾರದ ಪರವಾನಗಿ ಬೇಡ. ಮಾರಾಟಕ್ಕೆ ತಯಾರಿಸಿದರೆ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಸಾಮಗ್ರಿಯೂ ಸೇರಿವೆ. ಹಾಗಾಗಿ ಊರಲ್ಲಿರುವವರು ಇದನ್ನು ಅಚ್ಚಿನ ಕೆಲಸದ ಒಂದು ಅಧ್ಯಯನವಾಗಿ ಓದಬೇಕು, ಮನೆಯಲ್ಲಿ ಮಾಡಿ ನೋಡಲು ಅಲ್ಲ.

ಹಿರಿಯರ ಬಳಿ ಮೊದಲಿನಿಂದ ಇದ್ದದ್ದು ಲೈಮನ್ ಕಂಪನಿಯ 358311 ಸಂಖ್ಯೆಯ ಕಬ್ಬಿಣದ ಅಚ್ಚು, ಒಂದೇ ಕ್ಯಾವಿಟಿಯದು, ಅಂದರೆ ಸೀಸ ತುಂಬುವ ಕುಳಿ ಒಂದೇ ಇರುವಂಥದು, ಅವರ ತಂದೆಯ ಕಾಲದ್ದು. ಈ ಸಂಖ್ಯೆಗಳಿಗೊಂದು ಚರಿತ್ರೆಯಿದೆ. ಜಾನ್ ಬಾರ್ಲೋ 1884ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಐಡಿಯಲ್ ಎಂಬ ಕಂಪನಿ ಶುರುಮಾಡಿ, ತೋಟೆ ಮರಳಿ ತುಂಬುವ, ಇಕ್ಕಳದ ಆಕಾರದ ಉಪಕರಣದಲ್ಲೇ ಅಚ್ಚನ್ನೂ ಸೇರಿಸಿ ಮಾರಿದರು. 1925ರಲ್ಲಿ ಐಡಿಯಲ್ ಲೈಮನ್ ಪಾಲಾಯಿತು. ಸಂಖ್ಯೆಯ ಮೊದಲ ಮೂರು ಅಂಕಿ ಗುಂಡಿನ ವ್ಯಾಸ: 0.358 ಅಂಗುಲ, ಅಂದರೆ 9.09 ಮಿಲಿಮೀಟರ್. ಉಳಿದದ್ದು ವಿನ್ಯಾಸದ ಸಂಖ್ಯೆ. 358311 ಎಂದರೆ .38 ಸ್ಪೆಷಲ್ ತೋಟೆಗೆ ಮಾಡಿದ, ಮೂತಿ ದುಂಡಗಿರುವ, ಸುಮಾರು 158 ಗ್ರೇನ್ ತೂಕದ ಗುಂಡು. ಒಂದು ಪೌಂಡಿಗೆ 7000 ಗ್ರೇನ್.

ಈ ಆಕಾರವೇ ಏಕೆ ಬೇಕೆಂದರೆ, ಅವರು ಆಡುವ ಡಿಸ್ಟಿಂಗ್ವಿಶ್ಡ್ ರಿವಾಲ್ವರ್ ಪಂದ್ಯದ ನಿಯಮವೇ ಹಾಗಿದೆ: 158 ಗ್ರೇನ್, ದುಂಡು ಮೂತಿ, ಸೀಸ. ಒಹಾಯೋದವರಿಗೆ ಇದರ ಮೇಲೆ ವಿಶೇಷ ಅಭಿಮಾನ, ಏಕೆಂದರೆ ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಗುರಿ ಪಂದ್ಯಗಳು ನಡೆಯುತ್ತ ಬಂದಿವೆ. ಅಭ್ಯಾಸಕ್ಕೆ ವಾರಕ್ಕೆ 100 ಗುಂಡು ಬೇಕು. ಒಂದೇ ಕ್ಯಾವಿಟಿಯ ಅಚ್ಚಿನಲ್ಲಿ ಅಷ್ಟು ಹೊಯ್ಯುವಷ್ಟರಲ್ಲಿ ಅವರ ಮಣಿಕಟ್ಟು ಸೋಲುತ್ತಿತ್ತು. ಎರಡು ಕ್ಯಾವಿಟಿಯ ಕಬ್ಬಿಣದ ಅಚ್ಚಿಗೆ ಹಿಡಿಕೆ ಸೇರಿ ಆಗ ಸುಮಾರು 150 ಡಾಲರ್ ಇತ್ತು. ಅದೇ ತೂಕ, ಅದೇ ಆಕಾರದ ಗುಂಡಿಗೆ ಎರಡು ಕ್ಯಾವಿಟಿಯ ಅಲ್ಯುಮಿನಿಯಂ ಅಚ್ಚು ಹಿಡಿಕೆಯ ಸಮೇತ 35ಕ್ಕೆ ಸಿಕ್ಕಿತು. ತಯಾರಕರ ಹೆಸರು ಇಲ್ಲಿ ಬೇಕಿಲ್ಲ. ನಾನು ಹೇಳುವ ಕುಂದುಗಳು ಈ ದರದ ಅಚ್ಚು ಯಾರೇ ಮಾಡಿದರೂ ಬರಬಹುದಾದವು.

ಪೆಟ್ಟಿಗೆಯಿಂದ ತೆಗೆದಾಗ ನೋಡಲು ಚೆನ್ನಾಗಿಯೇ ಇತ್ತು. ಹಗುರ, ಹೊಳಪು, ಹಿಡಿಕೆ ಭದ್ರ. ಆದರೆ ಹಿರಿಯರು ಹೊಳಪು ನೋಡುವವರಲ್ಲ. ಎರಡು ಭಾಗಗಳನ್ನು ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ಸೇರುವ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. ಬಿಚ್ಚಿ ಉಗುರಿನಿಂದ ಸವರಿದರೆ, ಗಾಳಿ ಹೊರಹೋಗಲು ಕೊರೆದ ವೆಂಟ್ ಗೆರೆಗಳ ಅಂಚಿನಲ್ಲಿ ಬರ್, ಅಂದರೆ ಕೊರೆದಾಗ ಉಳಿದ ಲೋಹದ ಚೂಪು ಅಂಚು, ಎದ್ದು ನಿಂತಿತ್ತು. ಮೇಲಿನ ಸ್ಪ್ರೂ ಪ್ಲೇಟು ಬಿಗಿಯಾಗಿ ಉಜ್ಜುತ್ತಿತ್ತು. ಹೆಚ್ಚಾಗಿ ಸುರಿದ ಸೀಸವನ್ನು ಕತ್ತರಿಸಿ ಗುಂಡಿನ ತಳ ಸಮ ಮಾಡುವ ಪ್ಲೇಟು ಅದು. ಅದರ ಅಡಿಯಲ್ಲೂ ಬರ್ ಇದ್ದರೆ ಅಲ್ಯುಮಿನಿಯಂ ಮೈಯನ್ನು ಗೀರಿಹಾಕುತ್ತದೆ. ಎರಡು ಭಾಗಗಳನ್ನು ನೇರ ಕೂರಿಸುವ ಪಿನ್‌ಗಳಲ್ಲಿ ಒಂದು ತನ್ನ ರಂಧ್ರದಲ್ಲಿ ಸ್ವಲ್ಪ ಆಡುತ್ತಿತ್ತು.

ಇವೆಲ್ಲ ಏಕೆ ಉಳಿದವು ಎಂಬುದು ಕೆಲಸ ಬಲ್ಲವರಿಗೆ ಕೂಡಲೇ ತಿಳಿಯುತ್ತದೆ. ಕ್ಯಾವಿಟಿ ಕೊರೆಯುವುದು ಗುಂಡಿನದೇ ಆಕಾರದ ಕಟ್ಟರ್. ಈ ಉದ್ಯಮದಲ್ಲಿ ಅದಕ್ಕೆ ಚೆರ್ರಿ ಎನ್ನುತ್ತಾರೆ. ತಿರುಗುತ್ತಿರುವ ಚೆರ್ರಿಯ ಮೇಲೆ ಎರಡೂ ಭಾಗಗಳನ್ನು ಇಕ್ಕೆಲದಿಂದ ಒತ್ತಿದರೆ ಕ್ಯಾವಿಟಿ ಸಿದ್ಧ. ಅಲ್ಯುಮಿನಿಯಂ ಬೇಗ ಕೊರೆಯುತ್ತದೆ, ಕಟ್ಟರ್ ಬಾಳಿಕೆ ಬರುತ್ತದೆ, ಯಂತ್ರದ ಸಮಯ ಉಳಿಯುತ್ತದೆ. ಅಲ್ಲಿಯವರೆಗೆ ಅಗ್ಗ ಎಂಬುದು ನ್ಯಾಯವಾದ ಅಗ್ಗವೇ. ಚೆರ್ರಿಯನ್ನು ಸಾಣೆ ಹಿಡಿದಷ್ಟೂ ಅದು ಸಣ್ಣಗಾಗುತ್ತ ಹೋಗುತ್ತದೆ. ಹೊಸ ಚೆರ್ರಿಯ ಅಚ್ಚಿಗೂ ಸವೆದ ಚೆರ್ರಿಯ ಅಚ್ಚಿಗೂ ವ್ಯಾಸದಲ್ಲಿ ವ್ಯತ್ಯಾಸ ಬರುತ್ತದೆ. ದುಬಾರಿ ಅಚ್ಚಿನಲ್ಲಿ ಆ ವ್ಯತ್ಯಾಸವನ್ನು ಬಿಗಿ ಮಿತಿಯೊಳಗೆ ಇಡುತ್ತಾರೆ, ಕೊನೆಗೆ ಒಬ್ಬ ಮನುಷ್ಯ ಕೂತು ಬರ್ ತೆಗೆದು, ಎರಕ ಹೊಯ್ದು, ಅಳೆದು ಕಳಿಸುತ್ತಾನೆ. ಅಗ್ಗದ್ದರಲ್ಲಿ ಕಾಣೆಯಾದದ್ದು ಆ ಕೊನೆಯ ಅರ್ಧ ಗಂಟೆ. ಲೋಹವನ್ನು ದೂರಿ ಪ್ರಯೋಜನವಿಲ್ಲ. ಅಲ್ಯುಮಿನಿಯಂ ಅಚ್ಚು ಎಂದರೇ ಕೀಳು ಎಂದು ಇಲ್ಲಿನ ಅನೇಕರು ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು ತೀರ್ಮಾನ. ಅಲ್ಯುಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ, ಸೀಸ ಅದಕ್ಕೆ ಅಂಟುವುದಿಲ್ಲ, ಕಬ್ಬಿಣದ ಸುಮಾರು ಮೂರನೇ ಒಂದು ಪಾಲು ತೂಕ, ಶಾಖವನ್ನು ಕಬ್ಬಿಣಕ್ಕಿಂತ ಎಷ್ಟೋ ಬೇಗ ಹರಡುತ್ತದೆ. ಮೃದು ಎಂಬುದೊಂದೇ ಅದರ ನಿಜವಾದ ದೌರ್ಬಲ್ಯ.

ಬರ್ ಇದ್ದಂತೆಯೇ ಒಮ್ಮೆ ಹೊಯ್ದು ನೋಡೋಣ ಎಂದರು ಹಿರಿಯರು. ತಿದ್ದುವ ಮೊದಲು ಕುಂದು ಅಂಕಿಯಲ್ಲಿ ಸಿಗಬೇಕು ಎಂಬುದು ಅವರ ಹಟ. ಕಟ್ಟಿಂಗ್ ಆಯಿಲ್ ಹೋಗುವಂತೆ ಸೋಪು ನೀರಿನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಅಚ್ಚನ್ನು ಕಾಯಿಸಿ ಹೊಯ್ದರು. ಮೊದಲು ಬಂದವು ಸುಕ್ಕುಗಟ್ಟಿದ್ದವು. ಅಚ್ಚು ಇನ್ನೂ ತಣ್ಣಗಿತ್ತು. ಕಾವು ಏರಿದ ಮೇಲೆ ಅಂಚುಗಳು ತುಂಬಿ ಬಂದವು. ಕಣ್ಣಿಗೆ ಒಳ್ಳೆಯ ಗುಂಡುಗಳೇ.

ಆಮೇಲೆ ಮೈಕ್ರೋಮೀಟರ್ ಹಿಡಿದೆವು. ಎರಡು ಭಾಗ ಸೇರುವ ಕಡೆ ಗುಂಡಿನ ಮೇಲೆ ಸಣ್ಣ ಸೀಳುಗೆರೆ ಬೀಳುತ್ತದೆ. ಸೀಳುಗೆರೆಯಿಂದ ಎದುರಿನ ಸೀಳುಗೆರೆಗೆ ಅಳೆದರೆ 0.3570 ಅಂಗುಲ. ಅದಕ್ಕೆ ಅಡ್ಡಲಾಗಿ ಅಳೆದರೆ 0.3600. ಮೂರು ಥೌ (ಥೌ ಎಂದರೆ ಅಂಗುಲದ ಸಾವಿರದ ಒಂದು ಭಾಗ), ಅಂದರೆ 76 ಮೈಕ್ರಾನ್ ಅಂಡಾಕಾರ. ಅಡ್ಡಳತೆ ಮಾತ್ರ ಹೆಚ್ಚಿದೆ ಎಂದರೆ ಎರಡು ಭಾಗಗಳ ನಡುವೆ ಏನೋ ಸಿಕ್ಕಿಕೊಂಡು ದೂರ ಹಿಡಿದಿದೆ ಎಂದೇ ಅರ್ಥ. ಬರ್ ತಾನೇ ಆ ಕೆಲಸ ಮಾಡುತ್ತಿತ್ತು. ಅವರ ರಿವಾಲ್ವರಿನಲ್ಲಿ ತೋಟೆ ತುಂಬುವ ಸಿಲಿಂಡರಿನಿಂದ ಗುಂಡು ಹೊರಡುವ ಬಾಯಿಗಳು, ಅಂದರೆ ಸಿಲಿಂಡರ್ ಬಾಯಿಗಳು, 0.358 ಅಂಗುಲ. ಗುಂಡು ಅಷ್ಟೇ ಇರಬೇಕು, ಇಲ್ಲವೆ ಅರ್ಧ ಥೌ ಹೆಚ್ಚು.

ಇಲ್ಲಿ ಅನೇಕರು ಎಡವುತ್ತಾರೆ. ದೊಡ್ಡದಾದ ಗುಂಡನ್ನು ಸೈಜಿಂಗ್ ಡೈಯಲ್ಲಿ ತೂರಿಸಿ ಕುಗ್ಗಿಸಬಹುದು. ಸಣ್ಣದನ್ನು ಹಿಗ್ಗಿಸಲಾಗದು. ಈ ಅಂಡಾಕಾರದ ಗುಂಡನ್ನು 0.358ರ ಡೈಯಲ್ಲಿ ತೂರಿಸಿದರೆ ಅಡ್ಡಗಡೆ ಉಜ್ಜಿ ಹೊಳೆಯುತ್ತದೆ, ಸೀಳುಗೆರೆಯ ಎರಡು ಬದಿಗಳು ಡೈಗೆ ತಾಗುವುದೇ ಇಲ್ಲ. ಆ ಸಂದಿಯಲ್ಲಿ ಸುಡುವ ಅನಿಲ ನುಗ್ಗಿ ಗುಂಡಿನ ಪಕ್ಕದ ಸೀಸವನ್ನು ಕಿತ್ತು ನಳಿಗೆಗೆ ಬಳಿಯುತ್ತದೆ. ನಳಿಗೆಯಲ್ಲಿ ಸೀಸ ಕಟ್ಟಿದರೆ ಎಲ್ಲರೂ ಮೊದಲು ಅನುಮಾನಿಸುವುದು ಮಿಶ್ರಲೋಹ ಮೃದುವಾಯಿತೆಂದು. ಬಹುಪಾಲು ಸಂದರ್ಭದಲ್ಲಿ ನಿಜವಾದ ಕಾರಣ ವ್ಯಾಸ.

ಹಿರಿಯರು ಬಳಸುವುದು ಕಾರಿನ ಚಕ್ರ ಬ್ಯಾಲೆನ್ಸ್ ಮಾಡಲು ರಿಮ್ಮಿಗೆ ಸಿಕ್ಕಿಸುವ ಸೀಸದ ತುಂಡುಗಳನ್ನು. ಅದರಲ್ಲಿ ಸೀಸವನ್ನು ಗಟ್ಟಿ ಮಾಡುವ ಆಂಟಿಮನಿ ಇರುತ್ತದೆ, ತವರ ಇಲ್ಲವೆನ್ನುವಷ್ಟು ಕಡಿಮೆ. ಈಗ ಆ ಸೀಸ ಸಿಗುವುದೂ ಕಷ್ಟ. ಕ್ಯಾಲಿಫೋರ್ನಿಯಾದಂಥ ರಾಜ್ಯ 2010ರಿಂದಲೇ ಅದನ್ನು ನಿಷೇಧಿಸಿದೆ, ಸತು ಮತ್ತು ಉಕ್ಕಿನ ತುಂಡುಗಳು ಗುಜರಿಯಲ್ಲಿ ಬೆರೆತು ಬರುತ್ತವೆ. ಸತು ಕರಗುವುದು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327ರಲ್ಲಿ. ಉಷ್ಣ ಮಿತಿಮೀರಿ ಸತು ಕರಗಿ ಬೆರೆತರೆ ಆ ಪಾತ್ರೆಯ ಲೋಹ ಅಚ್ಚಿನ ಅಂಚು ತುಂಬುವುದಿಲ್ಲ. ಮಿಶ್ರಲೋಹಕ್ಕೂ ವ್ಯಾಸಕ್ಕೂ ನೇರ ಸಂಬಂಧವಿದೆ. ಶುದ್ಧ ಸೀಸ ತಣಿಯುವಾಗ ಹೆಚ್ಚು ಕುಗ್ಗುತ್ತದೆ, ಆಂಟಿಮನಿ ಬೆರೆತಷ್ಟೂ ಕುಗ್ಗುವಿಕೆ ಕಡಿಮೆ. ಲೈಮನ್ ನಂಬರ್ 2 ಎಂಬ ಹೆಸರಾಂತ ಮಿಶ್ರಣದಲ್ಲಿ ಸೀಸ 90, ತವರ 5, ಆಂಟಿಮನಿ 5 ಭಾಗ. ಅಚ್ಚಿನ ಮೇಲೆ 0.358 ಎಂದು ಬರೆದಿದ್ದರೆ ಅದು ಯಾವ ಲೋಹಕ್ಕೆ ಎಂಬುದನ್ನೂ ಕೇಳಬೇಕು. ಅಗ್ಗದ ಅಚ್ಚಿನ ಪೆಟ್ಟಿಗೆ ಅದನ್ನು ಹೇಳಿರಲಿಲ್ಲ. ಹಿರಿಯರು ಶೇ 2ರಷ್ಟು ತವರ ಸೇರಿಸಿದರು. ಅಂಚುಗಳು ಇನ್ನೂ ಚೆನ್ನಾಗಿ ತುಂಬಿದವು, ವ್ಯಾಸದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

ಬರ್ ತೆಗೆಯುವ ಕೆಲಸ ನನ್ನ ಕೈಗೆ ಬಂತು. ನಯವಾದ ಸಾಣೆಕಲ್ಲನ್ನು ಸೇರುವ ಮೈಯ ಮೇಲೆ ಚಪ್ಪಟೆಯಾಗಿ ಇಟ್ಟು, ಎದ್ದಿರುವುದಷ್ಟೇ ಹೋಗುವಂತೆ, ಮೈ ಸವೆಯದಂತೆ. ಕಲ್ಲು ಒಂದಿಷ್ಟು ವಾಲಿದರೂ ಅಚ್ಚಿನ ಅಂಚು ಉರುಟಾಗಿ, ಅಲ್ಲಿ ಸೀಸ ರೆಕ್ಕೆಯಾಗಿ ಹೊರಚಾಚುತ್ತದೆ. ಸ್ಪ್ರೂ ಪ್ಲೇಟನ್ನು ಗಾಜಿನ ಮೇಲೆ ಹಾಸಿದ ನಯ ಎಮರಿ ಹಾಳೆಯ ಮೇಲೆ ಉಜ್ಜಿ ಸಮ ಮಾಡಿದೆವು. ಆಡುತ್ತಿದ್ದ ಪಿನ್ನನ್ನು ಹಿರಿಯರು ಡ್ರಿಫ್ಟ್ ಎಂಬ ಹಿತ್ತಾಳೆಯ ಕಡ್ಡಿಯಿಂದ ಸ್ವಲ್ಪ ಮುಂದೆ ತಳ್ಳಿದರು.

ಮತ್ತೆ ಹೊಯ್ದಾಗ ಸೀಳುಗೆರೆಯ ಅಳತೆ 0.3570, ಅಡ್ಡಳತೆ 0.3575. ಗುಂಡು ದುಂಡಾಯಿತು. ಆದರೆ ಸಣ್ಣದು! ಬರ್ ಇದ್ದಾಗ ಒಂದು ಕಡೆ ದೊಡ್ಡದಾಗಿ ತೋರಿ, ಕ್ಯಾವಿಟಿಯೇ ಸಣ್ಣದಿದೆ ಎಂಬ ನಿಜವಾದ ಕುಂದನ್ನು ಮುಚ್ಚಿಟ್ಟಿತ್ತು. ಯಾರಾದರೂ ವರ್ನಿಯರ್‌ನಲ್ಲಿ ಒಂದೇ ಕಡೆ ಅಳೆದು 0.360 ಇದೆ, ಬೇಕಾದಷ್ಟಿದೆ ಎಂದು ಸಮಾಧಾನಪಟ್ಟುಕೊಂಡಿದ್ದರೆ ನಳಿಗೆ ಸೀಸ ಕಟ್ಟುತ್ತಲೇ ಇರುತ್ತಿತ್ತು, ಕಾರಣ ಎಂದಿಗೂ ತಿಳಿಯುತ್ತಿರಲಿಲ್ಲ.

ಕ್ಯಾವಿಟಿ ಹಿಗ್ಗಿಸುವುದಕ್ಕೆ ಲ್ಯಾಪಿಂಗ್. ಎರಕ ಹೊಯ್ದ ಗುಂಡಿಗೇ ನಯ ಅಪಘರ್ಷಕ ಪೇಸ್ಟ್ ಹಚ್ಚಿ, ಮುಚ್ಚಿದ ಅಚ್ಚಿನೊಳಗೆ ಕೈಯಿಂದ ತಿರುಗಿಸುವುದು, ತೊಳೆಯುವುದು, ಹೊಯ್ಯುವುದು, ಅಳೆಯುವುದು. ಅವಸರ ಮಾಡಿದರೆ ಕೆಟ್ಟಿತು. ಒಮ್ಮೆ ತೆಗೆದ ಲೋಹ ಮರಳಿ ಬರುವುದಿಲ್ಲ. ಹಿಡಿಕೆಯಿಂದ ದೂರದ, ಮುಂಭಾಗದ ಕ್ಯಾವಿಟಿ 0.3585ಕ್ಕೆ ಬಂದು ನಿಂತಿತು, ಎಲ್ಲ ದಿಕ್ಕಿನಲ್ಲೂ. ಹಿಡಿಕೆ ಕಡೆಯ ಕ್ಯಾವಿಟಿ ಮಾತ್ರ ಪೂರ್ತಿ ಒಲಿಯಲಿಲ್ಲ. ಅದರ ಎರಡು ಅರ್ಧಗಳು ಒಂದಕ್ಕೊಂದು ಸುಮಾರು ಒಂದು ಥೌ ಪಕ್ಕಕ್ಕೆ ಸರಿದಿದ್ದವು. ಪಿನ್ ತಿದ್ದಿದ ಮೇಲೆ ಆ ಜಾರು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಸೀಳುಗೆರೆಯ ಮೇಲೆ ಉಗುರು ಎಳೆದರೆ ಮೆಟ್ಟಿಲು ತಾಗುತ್ತಿತ್ತು. ಬರ್ ತೆಗೆಯಬಹುದು, ಸಣ್ಣ ಕ್ಯಾವಿಟಿಯನ್ನು ಹಿಗ್ಗಿಸಬಹುದು. ಕೊರೆಯುವಾಗಲೇ ಸರಿದ ಅರ್ಧಗಳನ್ನು ಮನೆಯ ಬೆಂಚಿನ ಮೇಲೆ ಸರಿಮಾಡಲು ಸಾಧ್ಯವಿಲ್ಲ ಎಂದೇ ನನ್ನ ಅಭಿಪ್ರಾಯ. ಹಿರಿಯರು ಆ ಕ್ಯಾವಿಟಿಯ ಮೂತಿಯಲ್ಲಿ ಸೂಜಿಮೊನೆಯಷ್ಟು ಚುಕ್ಕೆ ಹೊಡೆದರು. ಅಲ್ಲಿಂದ ಬರುವ ಗುಂಡು ಗುರುತಾಗುತ್ತದೆ, ಬೇರೆ ಡಬ್ಬಿಗೆ ಹೋಗುತ್ತದೆ.

ಗುರಿ ಪರೀಕ್ಷೆಯನ್ನು ಆಸರೆಯ ಮೇಲೆ ಕೈಯಿಟ್ಟು 25 ಗಜದಲ್ಲಿ ಮಾಡಿದೆವು. ತಿದ್ದುವ ಮೊದಲು ಹೊಯ್ದ ಗುಂಡುಗಳು 6 ಅಂಗುಲದಷ್ಟು ಚದುರಿದವು, ನಳಿಗೆಯಲ್ಲಿ ಸೀಸದ ಗೆರೆ ಕಂಡಿತು. ತಿದ್ದಿದ ಮುಂಭಾಗದ ಕ್ಯಾವಿಟಿಯ ಗುಂಡುಗಳು ಎರಡೂವರೆ ಅಂಗುಲದೊಳಗೆ ಬಿದ್ದವು. ತಂದೆಯ ಕಾಲದ ಕಬ್ಬಿಣದ ಅಚ್ಚಿನವು ಅದಕ್ಕಿಂತ ಸ್ವಲ್ಪವೇ ಬಿಗಿ. ಚುಕ್ಕೆ ಗುರುತಿನವು 25 ಗಜದಲ್ಲಿ ದೂರುವಂತಿರಲಿಲ್ಲ, 50 ಗಜದಲ್ಲಿ ಮಾತ್ರ ಕಣ್ಣಿಗೆ ಕಾಣುವಷ್ಟು ಹರಡಿದವು. ಪಂದ್ಯದಲ್ಲಿ ಆ ದೂರವೇ ಮುಖ್ಯ.

ವೇಗದಲ್ಲಿ ಅಲ್ಯುಮಿನಿಯಂ ಅಚ್ಚು ನಿರೀಕ್ಷೆ ಮೀರಿತು. ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ, ಆದ್ದರಿಂದ ಒಂದೇ ಲಯದಲ್ಲಿ ಹೊಯ್ಯುತ್ತಿರಬೇಕು. ನಡುವೆ ನಿಂತು ಗುಂಡು ನೋಡುತ್ತ ಕೂತರೆ ಮತ್ತೆ ಸುಕ್ಕು. ಲಯ ಸಿಕ್ಕ ಮೇಲೆ ಗಂಟೆಗೆ 250ರ ಆಸುಪಾಸು ಬಂದವು, ಕಬ್ಬಿಣದ್ದರಲ್ಲಿ 100 ಬಂದರೆ ಹೆಚ್ಚು. ಅಚ್ಚು ತೆರೆಯದಿದ್ದಾಗ ಬ್ಲಾಕಿಗೆ ಬಡಿಯುವ ಅಭ್ಯಾಸ ಕೆಲವರಿಗಿದೆ. ಕಬ್ಬಿಣ ಅದನ್ನು ಸ್ವಲ್ಪ ಕಾಲ ತಡೆದೀತು, ಅಲ್ಯುಮಿನಿಯಂ ತಡೆಯದು. ಹಿಡಿಕೆಯ ಕೀಲಿಗೆ ಮರದ ಕೊಡತಿಯಿಂದ ತಟ್ಟಿದರೆ ಸಾಕು.

ಆಗಿನ ಬೆಲೆಯಲ್ಲಿ ಹಣದ ಲೆಕ್ಕ ಹೀಗಿದೆ. ಒಂದು ಪೌಂಡಿನಲ್ಲಿ 44 ಗುಂಡು. ಸೀಸಕ್ಕೆ ಹಿರಿಯರು ಕೊಡುವುದು ಪೌಂಡಿಗೆ 2 ಡಾಲರ್, ಅಂದರೆ ಗುಂಡಿಗೆ ನಾಲ್ಕೂವರೆ ಸೆಂಟ್. ಅಂಗಡಿಯಲ್ಲಿ ಎರಕ ಹೊಯ್ದ ಗುಂಡು ತಲಾ 10 ಸೆಂಟ್ ಬೀಳುತ್ತಿತ್ತು. ತವರ, ವಿದ್ಯುತ್ತು ಕಳೆದರೆ ಗುಂಡಿಗೆ 5 ಸೆಂಟ್ ಉಳಿತಾಯ ಎನ್ನೋಣ. ಹೊಸಬರಿಗೆ ಸೀಸ ಕರಗಿಸುವ ಪಾತ್ರೆಗೂ 80 ಡಾಲರ್ ಸೇರಿಸಬೇಕು. 35ರ ಅಚ್ಚಾದರೆ 2300 ಗುಂಡಿಗೆ ಅಸಲು ಹುಟ್ಟುತ್ತದೆ, 150ರದ್ದಾದರೆ 4600ಕ್ಕೆ. ವಾರಕ್ಕೆ 100 ಹೊಡೆಯುವವರಿಗೆ ಎರಡರ ನಡುವಿನ ಅಂತರ ಅರ್ಧ ವರ್ಷವೂ ಇಲ್ಲ. ಇನ್ನೊಂದು ಬದಿಯಿಂದ ನೋಡಿದರೆ, ಡೈ ಮೇಕರ್ ಕೂಲಿ ಗಂಟೆಗೆ 30 ಡಾಲರ್ ಎಂದು ಹಿಡಿದರೂ ನಾಲ್ಕು ಗಂಟೆಯೊಳಗೆ ಬೆಲೆಯ ವ್ಯತ್ಯಾಸವೆಲ್ಲ ಮುಗಿಯಿತು. ನಾವು ತಿದ್ದಲು ಕೂತದ್ದು ಅದಕ್ಕಿಂತ ಹೆಚ್ಚು. ಹಿರಿಯರಿಗೆ ಅದು ಖರ್ಚಲ್ಲ, ಬೆಂಚಿನ ಮುಂದೆ ಕೂರುವುದೇ ಅವರ ಸಂತೋಷ. ಎಲ್ಲರಿಗೂ ಹಾಗಲ್ಲ.

ಅಚ್ಚಿನ ಬೆಲೆ ಮಾತಾಡುವಾಗ ಯಾರೂ ಸೇರಿಸದ ಬಾಬ್ತು ಇನ್ನೊಂದಿದೆ. ಸೀಸದ ಅಪಾಯ ಮುಖ್ಯವಾಗಿ ಬರುವುದು ಕರಗಿದ ಸೀಸದ ಮೇಲೆ ಕಟ್ಟುವ ಕಿಟ್ಟದ ಪುಡಿಯಿಂದ, ಬಟ್ಟೆ ಮತ್ತು ಕೈಗೆ ಅಂಟಿ ಮನೆಯೊಳಗೆ ಹೋಗುವ ಧೂಳಿನಿಂದ. 2021ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಕ್ಕಳ ರಕ್ತದಲ್ಲಿನ ಸೀಸದ ಸೂಚಕ ಮಟ್ಟವನ್ನು ಡೆಸಿಲೀಟರಿಗೆ 3.5 ಮೈಕ್ರೋಗ್ರಾಂಗೆ ಇಳಿಸಿತು. ಹಿರಿಯರ ಮನೆಗೆ ಮೊಮ್ಮಗ ಬರುತ್ತಾನೆ. ಅವರು ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು, ಫ್ಯಾನು ಹೊರಮುಖವಾಗಿಟ್ಟು ಹೊಯ್ಯುತ್ತಾರೆ. ಆ ಕೆಲಸದ ಬೂಟು, ಅಂಗಿ ಗ್ಯಾರೇಜ್ ದಾಟುವುದಿಲ್ಲ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ನೀರಿನ ಹನಿಯೂ ಪಾತ್ರೆಯ ಹತ್ತಿರ ಬರಕೂಡದು. ಕರಗಿದ ಸೀಸದೊಳಗೆ ನೀರು ಸಿಕ್ಕರೆ ಆವಿಯಾಗಿ ಸಿಡಿದು ಸೀಸವನ್ನೇ ಮುಖಕ್ಕೆ ಎರಚುತ್ತದೆ. ಇದನ್ನೆಲ್ಲ ಪಾಲಿಸಲಾಗದವರಿಗೆ ಅಚ್ಚು ಪುಕ್ಕಟೆ ಸಿಕ್ಕರೂ ದುಬಾರಿಯೇ.

ಅವರ ಕ್ಲಬ್ಬಿನ ಯುವಕನೊಬ್ಬ ಸರಿಸುಮಾರು ಅದೇ ಕಾಲಕ್ಕೆ ಇಂಥದೇ ಅಚ್ಚು ಕೊಂಡಿದ್ದ. ಅವನ ಬಳಿ ಮೈಕ್ರೋಮೀಟರ್ ಇರಲಿಲ್ಲ. ನಳಿಗೆಯಲ್ಲಿ ಸೀಸ ಕಟ್ಟಿದಾಗ ಸುತ್ತಲಿನವರು ಹೇಳಿದಂತೆ ಲೋಹ ಗಟ್ಟಿ ಮಾಡಿದ, ಲೂಬ್ರಿಕೆಂಟ್ ಹೆಚ್ಚಿಸಿದ, ಮತ್ತೂ ಗಟ್ಟಿ ಮಾಡಿದ. ಪ್ರತಿ ಸಲವೂ ಅದೇ ಗೋಳು. ಸೀಸದ ಗುಂಡೇ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದ್ದ. ಅವನ ಡಬ್ಬಿಯಿಂದ ನಾಲ್ಕಾರು ಗುಂಡು ಎತ್ತಿ ಅಳೆದರೆ ಎರಡೂ ದಿಕ್ಕಿಗೆ 0.356. ದುಂಡಗಿತ್ತು, ಬರ್ ಇರಲಿಲ್ಲ, ಅವನ ರಿವಾಲ್ವರಿಗೆ ಎರಡು ಥೌ ಸಣ್ಣದು, ಅಷ್ಟೇ. ಬಹುಶಃ ಸವೆದ ಚೆರ್ರಿಯಲ್ಲಿ ಕೊರೆದ ಅಚ್ಚು. ಅವನು ಕಳೆದುಕೊಂಡದ್ದು 35 ಡಾಲರ್ ಮಾತ್ರವಲ್ಲ. ಒಂದು ಇಡೀ ಬೇಸಿಗೆಯ ಅಭ್ಯಾಸ ಹೋಯಿತು, ಮೇಲಾಗಿ ಆ ವಿದ್ಯೆಯ ಮೇಲೆ ತಪ್ಪು ನಂಬಿಕೆ ಕೂತುಬಿಟ್ಟಿತು. ಅಗ್ಗದ ಅಚ್ಚಿನ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಅಳೆಯಲು ಬಲ್ಲವರು ಹೇಗೋ ನಿಭಾಯಿಸುತ್ತಾರೆ. ಈ ಬೆಲೆಗೆ ಕೊಳ್ಳುವವರಲ್ಲಿ ಹೆಚ್ಚಿನವರು ಹೊಸಬರು, ಅಳೆಯಲು ಇನ್ನೂ ಕಲಿಯದವರು.

ಹುಡುಗನಿಗೆ ಹಿರಿಯರು ಲ್ಯಾಪಿಂಗ್ ಮಾಡಿಕೊಡಲು ಮುಂದಾದರು. ಅವನು ಒಪ್ಪಲಿಲ್ಲ, ಈಗ 0.358ಕ್ಕೆ ಸೈಜ್ ಮಾಡಿದ ಗುಂಡುಗಳನ್ನೇ ಅಂಗಡಿಯಿಂದ ತರುತ್ತಾನೆ, ನಳಿಗೆ ಸ್ವಚ್ಛವಾಗಿದೆ. ಅವನಷ್ಟು ಕಡಿಮೆ ಹೊಡೆಯುವವನಿಗೆ ಗುಂಡಿಗೆ 5 ಸೆಂಟ್ ಹೆಚ್ಚು ಕೊಡುವುದೇ ಸರಿಯಾದ ನಿರ್ಧಾರ ಎಂದು ನನಗೂ ಅನಿಸಿತು. ಹಿರಿಯರು ಅಭ್ಯಾಸಕ್ಕೆ ತಿದ್ದಿದ ಅಲ್ಯುಮಿನಿಯಂ ಅಚ್ಚನ್ನೂ ಪಂದ್ಯದ 50 ಗಜಕ್ಕೆ ಹಳೆಯ 358311 ಅನ್ನೂ ಇಟ್ಟುಕೊಂಡಿದ್ದಾರೆ. ಲೇತ್‌ನಲ್ಲಿ ಕ್ಯಾವಿಟಿ ಬೋರ್ ಮಾಡಿ, ಕೊಳ್ಳುವವರು ಹೇಳಿದ ವ್ಯಾಸಕ್ಕೂ ಮಿಶ್ರಲೋಹಕ್ಕೂ ಹೊಂದಿಸಿ ಕೊಡುವ ಸಣ್ಣ ತಯಾರಕರು ಇಲ್ಲಿ ಕೆಲವರಿದ್ದಾರೆ. ಅಂಥವರ ಹತ್ತಿರ ಇನ್ನೊಂದನ್ನು ಮಾಡಿಸುವ ಯೋಚನೆಯೂ ಅವರಿಗಿದೆ.

ಈ ದರದ ಅಚ್ಚು ಕೊಳ್ಳಲೇಬೇಕೆಂದು ಕ್ಲಬ್ಬಿನಲ್ಲಿ ಯಾರಾದರೂ ಕೇಳಿದರೆ ಹಿರಿಯರು ಮೊದಲು ಮೈಕ್ರೋಮೀಟರ್ ಕೊಳ್ಳಲು ಹೇಳುತ್ತಾರೆ, ಆಮೇಲೆ ರಿವಾಲ್ವರಿನ ಸಿಲಿಂಡರ್ ಬಾಯಿ ಅಳೆಯಲು. ಅಚ್ಚು ಬಂದ ಕೂಡಲೇ ಎರಡು ಭಾಗ ಮುಚ್ಚಿ, ಕ್ಯಾವಿಟಿಯ ಬಾಯಿಯಲ್ಲಿ ಸೇರುವ ಗೆರೆಯ ಮೇಲೆ ಉಗುರು ಎಳೆದು ನೋಡಬೇಕು. ಮೆಟ್ಟಿಲು ತಾಗಿದರೆ ಸೀಸ ಮುಟ್ಟಿಸದೆ ಹಿಂದಕ್ಕೆ ಕಳಿಸಬೇಕು. ಒಮ್ಮೆ ಹೊಯ್ದ ಅಚ್ಚನ್ನು ಅಂಗಡಿಯವರು ಸುಲಭವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ.